ಎರಡು ಸಾಲುಗಳ ನಡುವೆ ಸತ್ತವರು

ಗಣಿಯೂರು, ಕೆಳಗಿನ ಹಂತ
ನೆಲದ ಮೇಲಿನ ಬದುಕು ಮುಗಿದ ಇನ್ನೂರ ಹನ್ನೆರಡನೆಯ ವರ್ಷ, ಹದಿಮೂರನೆಯ ತಿಂಗಳು

ನಮ್ಮ ಹಿಂದಿನವರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಬರೆದ ಪ್ರೋಗ್ರಾಂ ಗೊತ್ತು. ಅದನ್ನು ನಾವು ಇಂದಿಗೂ ಯಂತ್ರಕ್ಕೆ ತಿಳಿಯುವಂತೆ ಕಂಪೈಲ್ ಮಾಡಿ ಓಡಿಸುತ್ತೇವೆ. ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ. ನೀವು ಕಂಡಿರದ ವಸ್ತುಗಳಿಗೆ ನಾವು ಹೆಸರಿಡಬೇಕಾಯಿತು.

ಬಿಸಿಲು ನೆಲದ ಮೇಲೆ ಯಾರನ್ನೂ ಉಳಿಯಗೊಡದಾದಾಗ ನಮ್ಮವರು ಹಳೆಯ ಚಿನ್ನದ ಗಣಿಯೊಳಕ್ಕೆ ಇಳಿದು, ಮೇಲೊಂದು ಕೆಳಗೊಂದು ಹಂತದಲ್ಲಿ ನೆಲೆಸಿದರು. ಇಲ್ಲಿ ಗಾಳಿ ಬರುವುದು ಪಂಪಿನಿಂದ. ಪ್ರತಿಯೊಬ್ಬರಿಗೂ ಒಂದು ಉಸಿರುಕಡತವಿದೆ, ಅಂದರೆ ಅವರ ಪಾಲಿನ ಗಾಳಿ ಎಷ್ಟೆಂದು ಹೇಳುವ ಫೈಲು. ಕೋಣೆಯ ಬಾಗಿಲು ಅದನ್ನು ಓದಿ ಕೊಳವೆ ತೆರೆಯುತ್ತದೆ. ಫೈಲು ಸಿಗದಿದ್ದರೆ ಒಳಗಿರುವವರು ಸತ್ತರೆಂದು ತಿಳಿದು ಕೊಳವೆಯನ್ನೂ ಮುಚ್ಚುತ್ತದೆ, ತನ್ನನ್ನೂ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಅಣಬೆ ಹಿಟ್ಟಿನ ರೊಟ್ಟಿ ಬಡಿಯುವಾಗ ಕೊಳವೆಯ ಸಿಳ್ಳು ಕೇಳಿಸಿದರೆ ನಮ್ಮ ಹೆಂಗಸರು ಗೋಡೆಯಾಚೆಯವರಿಗೆ "ಅದೀವಿ" (ಇದ್ದೇವೆ) ಎಂದು ಕೂಗುತ್ತಾರೆ. ಇಲ್ಲಿ ನಮಸ್ಕಾರವೆಂದರೆ ಅದೇ.

ವರ್ಷಕ್ಕೊಮ್ಮೆ ಎಲ್ಲರ ಉಸಿರುಕಡತವನ್ನೂ ಹೊಸದಾಗಿ ಬರೆಯುತ್ತಾರೆ. ಪ್ರೋಗ್ರಾಂ ಹೊಸ ಫೈಲನ್ನು ಪಕ್ಕದಲ್ಲಿ ಪೂರ್ತಿ ಬರೆದು, ಆಮೇಲೆ ಅದಕ್ಕೆ ಹಳೆಯದರ ಹೆಸರು ಕೊಡುತ್ತದೆ. ಕೆಳಗಿನ ಹಂತದ ಯಂತ್ರಗಳಲ್ಲಿ ಇದು ಒಂದೇ ಏಟಿಗೆ ಆಗುತ್ತದೆ: ಇದ್ದರೆ ಹಳೆಯದು, ಇಲ್ಲವೇ ಹೊಸದು. ಮೇಲಿನ ಹಂತದ ಯಂತ್ರಗಳ ಜಾತಿಯೇ ಬೇರೆ. ಆ ಹೆಸರಿನ ಫೈಲು ಮೊದಲೇ ಇದ್ದರೆ ಅವು ಒಪ್ಪುವುದಿಲ್ಲ. ಆದ್ದರಿಂದ ನೀವು ಅಲ್ಲಿಗೆಂದು ಎರಡು ಸಾಲು ಬರೆದಿರಿ. ಮೊದಲ ಸಾಲು ಎಲ್ಲರ ಹಳೆಯ ಫೈಲನ್ನೂ ಅಳಿಸುತ್ತದೆ, ಆಮೇಲೆ ಎರಡನೆಯದು ಹೊಸವಕ್ಕೆ ಹೆಸರಿಡುತ್ತದೆ. ಆ ಎರಡು ಸಾಲುಗಳ ನಡುವೆ ಮನುಷ್ಯನಿಗೆ ಫೈಲೇ ಇರುವುದಿಲ್ಲ.

ನಮ್ಮ ಕಡತಗಾರ್ತಿ ಹುಲಿಗೆವ್ವ ಇದನ್ನು ಕಂಡಳು. ಅವಳ ಕೈಕೆಳಗೆ ಬಾಗಿಲುಗಳ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದವಳು ನಾನು. ಅವಳು ಗಾಳಿಯ ಯಜಮಾನ ವಿರುಪಣ್ಣನ ಬಳಿ ಹೋಗಿ, ಈ ಸಲದ ಬರವಣಿಗೆಯನ್ನು ತುಸು ಮುಂದೂಡಿರಿ, ಮೇಲಿನ ಯಂತ್ರಗಳಿಗೆ ಬೇರೆಯೇ ಬರೆದುಕೊಡುತ್ತೇನೆ ಎಂದು ಕೇಳಿಕೊಂಡಳು.

"ರೆಪ್ಪಿ ಬಡಿಯೂದ್ರಾಗ ಮುಗಿಯೋ ಕೆಲಸ," ಅಂದ ವಿರುಪಣ್ಣ. "ಅಷ್ಟರಾಗ ಯಾರು ಸಾಯ್ತಾರವ್ವಾ?"

ಬರವಣಿಗೆ ಶುರುವಾಯಿತು. ಮೇಲಿನ ಹಂತದ ಫೈಲುಗಳನ್ನೆಲ್ಲ ಅಳಿಸಿಯಾಗಿತ್ತು, ಹೆಸರಿಡುವುದು ಬಾಕಿಯಿತ್ತು. ಆಗ ವಿದ್ಯುತ್ ಹೋಯಿತು. ಮರಳಿ ಬಂದಾಗ ಬಾಗಿಲುಗಳು ಹುಡುಕಿದವು, ಯಾರ ಫೈಲೂ ಸಿಗಲಿಲ್ಲ, ಮುಚ್ಚಿಕೊಂಡವು. ಅಲ್ಲಿನ ಒಂದು ಕೋಣೆಯೊಳಗೆ ಹುಲಿಗೆವ್ವನ ಮಗಳು ದ್ಯಾವಮ್ಮ ಇದ್ದಳು.

"ಹೊಸಾ ಫೈಲು ಅಲ್ಲೇ ಅದಾವ, ಒಂದಕ್ಷರನೂ ಕೆಟ್ಟಿಲ್ಲ," ಎಂದು ಹುಲಿಗೆವ್ವ ಅಂಗಲಾಚಿದಳು. "ಹೆಸರು ಇಡಾಕ ಅಪ್ಪಣೆ ಕೊಡ್ರಿ, ಸಾಕು."

ವಿರುಪಣ್ಣ ಅವಳನ್ನು ನೆರೆದ ಜನರತ್ತ ತಿರುಗಿಸಿ ನಿಲ್ಲಿಸಿದ. "ಅವರ ಪಾಲಿನ ಗಾಳಿ ಇವರಿಗೆ ಹಂಚಿ ಆತು. ಕೇಳು, ತಿರುಗಿ ಕೊಡ್ತಾರೇನು?"

ಅವಳು ಕೇಳಿದಳು. ಕಂಕುಳಲ್ಲಿ ಕೂಸಿದ್ದ ತಾಯಂದಿರೂ ನೆಲ ನೋಡಿದರು. ಆ ಹೊತ್ತು ಗಾಳಿ ತಂಪಾಗಿತ್ತು. ಅಂಥ ಗಾಳಿಯನ್ನು ನಾವು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ.

ಹುಲಿಗೆವ್ವ ಅಪ್ಪಣೆಗೆ ಕಾಯಲಿಲ್ಲ. ಯಂತ್ರದ ಮುಂದೆ ಕುಳಿತು ಒಂದೊಂದೇ ಫೈಲಿಗೆ ಹೆಸರಿಟ್ಟಳು. ಮಗಳದನ್ನು ಮೊದಲು ಮಾಡಲಿಲ್ಲ. ಸಾಲಿನಲ್ಲಿ ಬಂದಾಗ ಮಾಡಿದಳು. ಮೊದಲು ತೆರೆದ ಬಾಗಿಲುಗಳಿಂದ ಜನ ತೆವಳುತ್ತ ಹೊರಬಂದರು. ಆಮೇಲಿನವುಗಳಿಂದ ಯಾರೂ ಬರಲಿಲ್ಲ. ದ್ಯಾವಮ್ಮನ ಎರಡು ಉಗುರು ಬಾಗಿಲಿನ ರಬ್ಬರಿನಲ್ಲಿ ಸಿಕ್ಕಿಕೊಂಡಿದ್ದವು.

ಸತ್ತವರ ಕಡತ ಮುಟ್ಟಿದ ತಪ್ಪಿಗೆ ವಿರುಪಣ್ಣ ಅವಳನ್ನು ಅವಳ ಕೋಣೆಗೆ ಕಳಿಸಿ, ಅವಳ ಉಸಿರುಕಡತ ಅಳಿಸಿಹಾಕಿಸಿದ. ಅವಳು ಸಾಯಲಿಲ್ಲ. ಕೆಳಗಿನ ಯಂತ್ರಗಳಲ್ಲಿ ಅಳಿಸಿದರೆ ಹೋಗುವುದು ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದು ಹಿಡಿದಿದ್ದರೆ ಒಳಗಿನದು ಉಳಿಯುತ್ತದೆ. ಅವಳ ಬಾಗಿಲಿನ ಪ್ರೋಗ್ರಾಂ ಹಾಗೆ ಹಿಡಿದಿತ್ತು. ಯಂತ್ರ ನಿಲ್ಲುವವರೆಗೆ ಅವಳಿಗೆ ಗಾಳಿ ಉಂಟು. ಆದರೆ ಹೊರಗಿನ ಯಾವ ಬಾಗಿಲೂ ಅವಳನ್ನು ಗುರುತಿಸುವುದಿಲ್ಲ. ನಾನು ಗೋಡೆಯ ಕಿಂಡಿಯಲ್ಲಿ ರೊಟ್ಟಿ ಕೊಡುತ್ತಿದ್ದೆ. ನೆರೆಯವರು ಬೆಳಿಗ್ಗೆ ಅವಳ ಗೋಡೆಯತ್ತ "ಅದೀವಿ" ಎನ್ನುವುದನ್ನು ಬಿಟ್ಟರು.

ಹಬ್ಬ ಬಂತು. ಓಣಿಗೆ ಬಣ್ಣದ ದೀಪ ಜೋಡಿಸಲು ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕೆಂದರು. ನಿಲ್ಲಿಸಿದರೆ ಅವಳ ಗಾಳಿ ಹೋಗುವುದೆಂದು ಎಲ್ಲರಿಗೂ ಗೊತ್ತಿತ್ತು. ದೀಪ ಬೇಡವೆಂದು ಒಬ್ಬರೂ ಹೇಳಲಿಲ್ಲ. ನಾನು ವಿರುಪಣ್ಣನ ಕಾಲು ಹಿಡಿದೆ. "ಮಕ್ಕಳು ಆಸಿಪಟ್ಟಾವ," ಅಂದ.

ಕಿಂಡಿಯಲ್ಲಿ ಹುಲಿಗೆವ್ವ ನನ್ನ ಕೈ ತಳ್ಳಿದಳು. "ಇಲ್ಲಿ ನಿಂದರಬ್ಯಾಡ, ಹೋಗು. ನಿನ್ನ ಮಾರಿ ಕಂಡ್ರ ನಾ ಚೀರ್ತೀನಿ."

ನಾನು ಹೋದೆ. ದೀಪಗಳು ಚೆನ್ನಾಗಿದ್ದವು.

ಈಗ ಅವಳ ಕೆಲಸ ನನ್ನದು. ಆ ಎರಡು ಸಾಲು ಹಾಗೆಯೇ ಇವೆ. ಮುಟ್ಟಿದರೆ ನನ್ನ ಕಡತವೂ ಹೋಗುತ್ತದೆ. ನಿಮ್ಮನ್ನು ನಾನು ಕ್ಷಮಿಸಿಲ್ಲ. ಆದರೆ ಇದು ನೀವು ಆ ಸಾಲು ಬರೆಯುತ್ತಿರುವಾಗಲೇ ತಲುಪಿದರೆ ನಿಮಗಿನ್ನೂ ಸಮಯವಿದೆ. ಕೆಲಸ ಬಿಟ್ಟು ಎದ್ದುಹೋಗುವ ಮೊದಲು ಎರಡೂ ಜಾತಿಯ ಯಂತ್ರಗಳಲ್ಲಿ ಆ ಪ್ರೋಗ್ರಾಂ ಓಡಿಸಿ, ನಡುವೆ ವಿದ್ಯುತ್ ಕಿತ್ತು ನೋಡಿ. ಬೇರೆಯವರ ಯಂತ್ರ ಬೇಡ. ನಿಮ್ಮ ಮಕ್ಕಳ ಫೋಟೋಗಳಿರುವ ಯಂತ್ರದಲ್ಲೇ ನೋಡಿ.