ಮೊದಲ ಸುತ್ತಿನವಳು

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಬಾಣ,

ನಿನ್ನ ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯಬೇಕು, ಬರೆದಿದ್ದೇನೆ. ಕಾರಣ ಕೇಳಿದರೆ ಪುರುಸೊತ್ತಿರಲಿಲ್ಲ ಎನ್ನಬಹುದು, ಕೈನೋವು ಎನ್ನಬಹುದು, ಹೊಟ್ಟೆಕಿಚ್ಚು ಎಂದೂ ಅನ್ನಬಹುದು. ಯಾವುದು ಹಿತವೋ ಅದನ್ನು ಆರಿಸಿಕೋ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ ಹಿಡಿದು ಕೂತೆ.

ಮೊದಲು ಅಪ್ಪನ ಸಮಾಚಾರ. ಲಕ್ವ ಹೊಡೆದು ಎಂಟು ತಿಂಗಳಾಯಿತು. ಬಲಗೈ ಇನ್ನೂ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ, ಬಲಗಾಲು ಎಳೆಯುತ್ತಾರೆ. ಮಾತು ಮರಳಿದೆ, ಒಂದೊಂದೇ ಪದವನ್ನು ಹುಡುಕಿ ತೆಗೆದು ಆಡುತ್ತಾರೆ. ಗತ್ತಿಗೆ ಮಾತ್ರ ಏನೂ ಆಗಿಲ್ಲ. ಕಳೆದ ವಾರ ಬಚ್ಚಲಲ್ಲಿ ಜಾರಿ ಕುಸಿದರು. ಎತ್ತಲು ಓಡಿದರೆ, ಬಿದ್ದಿಲ್ಲ, ನಾನೇ ಕೂತೆ ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಎಲ್ಲಿಯವರೆಗೆ ಹಾಗೆ ಕೂತಿರುತ್ತಾರೋ ನೋಡೋಣವೆಂದು ನಾನು ಬಾಗಿಲಲ್ಲೇ ನಿಂತು ಬಟ್ಟೆ ಮಡಿಸಿದೆ. ನಾಲ್ಕು ಟವೆಲು, ಎರಡು ಲುಂಗಿ ಮುಗಿದ ಮೇಲೆ ಕೈ ಚಾಚಿದರು.

ನಿನ್ನ ಬೇಡಿಕೆ ಓದಿದೆ. ನಿನ್ನ ಎಂಟುನೂರು ಮೀಟರಿನ ದಾಖಲೆಗೆ ಇಪ್ಪತ್ತೈದು ವರ್ಷ ತುಂಬುತ್ತದೆ, ಕಿರಿಯರ ವಿಭಾಗದಲ್ಲಿ ಅದನ್ನು ಇನ್ನೂ ಯಾರೂ ಮುರಿದಿಲ್ಲ, ಮುಂದಿನ ತಿಂಗಳು ಕ್ರೀಡಾಂಗಣದಲ್ಲಿ ನಿನಗೆ ಸನ್ಮಾನ. ಅಪ್ಪ ವೇದಿಕೆಯ ಐದು ಮೆಟ್ಟಿಲನ್ನು ತಾವೇ ಹತ್ತಿ ನಿನ್ನ ಬಗ್ಗೆ ಎರಡು ಮಾತಾಡಬೇಕು. ‘ಅಪ್ಪನನ್ನು ತಯಾರು ಮಾಡುವ ಜವಾಬ್ದಾರಿ ನಿನ್ನದು ಅಕ್ಕ’ ಎಂದಿದ್ದೀಯ. ಓದಿ ನಗು ಬಂತು. ನಮ್ಮ ಮನೆಯಲ್ಲಿ ಇನ್ನೊಬ್ಬರನ್ನು ತಯಾರು ಮಾಡುವ ಕೆಲಸ ಬಂದಾಗಲೆಲ್ಲ ಎಲ್ಲರಿಗೂ ನನ್ನ ನೆನಪಾಗುತ್ತದೆ.

ಆಗಲಿ ಎಂದುಕೊಂಡೆ. ಆದರೆ ಮನಸ್ಸಿನಲ್ಲೇ ಒಂದು ಷರತ್ತು ಹಾಕಿಕೊಂಡೆ. ನಿನ್ನ ಬಗ್ಗೆ ಊರೆದುರು ಎರಡು ಮಾತಾಡುವ ಮೊದಲು ಅಪ್ಪ ನನ್ನೆದುರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ನೀನು ಆ ದಾಖಲೆ ಮಾಡಿದ ದಿನ ಗೆಲ್ಲುತ್ತಿದ್ದವಳು ನಾನು, ನನ್ನನ್ನು ಓಟದಿಂದ ಯಾಕೆ ಹೊರಗೆ ತಂದರು? ಗೆಲ್ಲುತ್ತಿದ್ದವಳು ಎಂದು ಓದಿ ನೀನು ಹುಬ್ಬು ಗಂಟಿಕ್ಕುತ್ತೀಯ, ಗೊತ್ತು. ಗಂಟಿಕ್ಕು. ಈಗ ಅಪ್ಪ ಎದ್ದು ಹೋಗಲಾರರು, ಕೈ ಎತ್ತಲಾರರು, ಕೇಳಲು ಇದಕ್ಕಿಂತ ಒಳ್ಳೆಯ ಕಾಲ ನನಗೆಲ್ಲಿ ಸಿಗಬೇಕು?

ತಯಾರಿ ಹೇಗೆ ನಡೆದಿದೆ ಎಂದರೆ, ನಮ್ಮ ಮೂರನೇ ಮಹಡಿಯ ಕಾರಿಡಾರಿನಲ್ಲಿ ಲಿಫ್ಟಿನ ಬಾಗಿಲಿನಿಂದ ಪಕ್ಕದ ಮನೆಯವರ ಚಪ್ಪಲಿ ಗೂಡಿನವರೆಗೆ ಅಪ್ಪನ ಲೆಕ್ಕದಲ್ಲಿ ಮೂವತ್ತಾರು ಹೆಜ್ಜೆ. ಒಂದೇ ಕೈಯಲ್ಲಿ ಹಿಡಿಯುವ ವಾಕರ್ ಊರಿಕೊಂಡು ಹೋಗಿ ಬಂದರೆ ಒಂದು ಸುತ್ತು. ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿ ಆರು ಸುತ್ತು ಸಾಕು, ಆಮೇಲೆ ಕೂರಿಸಿ ಎಂದಿದ್ದಾಳೆ. ನಾನು ಹತ್ತು ಮಾಡಿಸುತ್ತೇನೆ. ಏಳನೆಯದಕ್ಕೆ ಅಪ್ಪನ ಗಲ್ಲ ನಡುಗುತ್ತದೆ, ಕುರ್ಚಿ ಎನ್ನುತ್ತಾರೆ. ‘ನೋವು ಅನ್ನೋದು ಕಾಲು ಹೇಳೋ ಸುಳ್ಳು’ ಎಂದು ಅವರ ಮಾತನ್ನೇ ಅವರಿಗೆ ಬಡಿಸುತ್ತೇನೆ. ಗುರುತು ಹಿಡಿಯುತ್ತಾರೆ, ನಗಲು ನೋಡುತ್ತಾರೆ, ಬಾಯಿ ಒಂದೇ ಕಡೆ ಎದ್ದೇಳುತ್ತದೆ. ಪಕ್ಕದ ಮನೆಯ ಟೀಚರಮ್ಮ ಇದನ್ನೆಲ್ಲ ನೋಡಿ, ಇಂಥ ಮಗಳು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದರು. ನಾನು ತಲೆ ತಗ್ಗಿಸಿದೆ. ನಾಚಿಕೆ ಎಂದುಕೊಂಡರು.

ಕಾರಿಡಾರಿನಲ್ಲಿ ಅವರ ಹಿಂದೆ ನಡೆಯುವಾಗ ಹಳೆಯದೆಲ್ಲ ನೆನಪಿಗೆ ಬರುತ್ತದೆ. ಅಪ್ಪನ ಕೈಕಾಲು ಹೇಗಿದ್ದವು ನೆನಪಿದೆಯಾ? ಕಾಗದದ ಕಾರ್ಖಾನೆಯ ಬಾಯ್ಲರಿನ ಮುಂದೆ ಎಂಟು ಗಂಟೆ ಬೆಂದು ಬಂದು, ಬೂಟು ಬಿಚ್ಚಿ, ಬೀದಿಯಲ್ಲಿ ಕೈ ಮೇಲೆ ನಿಂತು ನಡೆಯುತ್ತಿದ್ದರು. ಹೆಂಗಸರು ಕಿಟಕಿಗೆ ಬರುತ್ತಿದ್ದರು. ಅವರು ಬಂದದ್ದು ಅಪ್ಪನಿಗೆ ತಲೆಕೆಳಗಾಗಿದ್ದರೂ ಕಾಣುತ್ತಿತ್ತು. ಕಾರ್ಖಾನೆಯ ಓಟದಲ್ಲಿ ನಲವತ್ತರ ವಯಸ್ಸಿನಲ್ಲೂ ಇಪ್ಪತ್ತರ ಹುಡುಗರನ್ನು ಸೋಲಿಸಿ, ಗೆರೆ ದಾಟಿದ ಮೇಲೆ ತಿರುಗಿ ನಿಂತು ಅವರು ಬರುವವರೆಗೆ ಉಗುರು ನೋಡಿಕೊಳ್ಳುತ್ತಿದ್ದರಲ್ಲ. ನನಗೆ ಎಂಟು ವರ್ಷ, ಅಂಥ ಮನುಷ್ಯ ಜಗತ್ತಿನಲ್ಲಿ ಇನ್ನೊಬ್ಬನಿಲ್ಲ ಎಂದೇ ನಂಬಿದ್ದೆ. ನಂಬಿದ್ದು ಸುಳ್ಳೆಂದು ಈಗಲೂ ಹೇಳಲಾರೆ.

ಆಮೇಲೆ ಹಗ್ಗ ಬಂತು. ಕಾರ್ಖಾನೆಯ ಹಿಂದಿನ ಮಣ್ಣು ದಾರಿ, ನನ್ನ ಸೊಂಟಕ್ಕೂ ನಿನ್ನ ಸೊಂಟಕ್ಕೂ ಒಂದೇ ಹಗ್ಗ, ನಾನು ಮುಂದೆ, ನೀನು ಹಿಂದೆ. ನಾನು ಎಂಜಿನ್, ನೀನು ಬಾಣ. ಹೆಸರಿಟ್ಟ ಮೇಲೆ ಮುಗಿಯಿತು, ಎಂಜಿನ್ ಇರುವುದು ಎಳೆಯಲಿಕ್ಕೆ. ನೀನು ಹಿಂದೆ ಬಿದ್ದು ಹಗ್ಗ ಬಿಗಿಯಾದರೆ ಅಪ್ಪ ರಬ್ಬರ್ ಕೊಳವೆಯಿಂದ ನನ್ನ ಮೀನಖಂಡಕ್ಕೆ ಬಾರಿಸುತ್ತಿದ್ದರು, ನಿನ್ನದಕ್ಕಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಮ್ಮ ಇದನ್ನು ನಿಲ್ಲಿಸಲೆಂದು ಒಮ್ಮೆ ನಮ್ಮಿಬ್ಬರ ಬೂಟುಗಳನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಳು. ಅಪ್ಪ ಬಯ್ಯಲಿಲ್ಲ, ಹುಡುಕಲೂ ಇಲ್ಲ. ಮೂರು ದಿನ ಬರಿಗಾಲಿನಲ್ಲಿ ಓಡಿಸಿದರು. ನಾಲ್ಕನೆಯ ದಿನ ಅಮ್ಮನೇ ಹಿಟ್ಟು ಕೊಡವಿ ಬೂಟು ತಂದು ಅವರ ಮುಂದಿಟ್ಟಳು. ಆಮೇಲೆ ಸಾಯುವವರೆಗೂ ಅವಳು ಆ ವಿಷಯಕ್ಕೆ ತಲೆ ಹಾಕಲಿಲ್ಲ.

ಈಗ ಆ ಓಟ. ನಿನ್ನ ಮಕ್ಕಳಿಗೆ ನೀನು ಹೇಗೆ ಹೇಳಿದ್ದೀಯೋ ತಿಳಿಯದು, ನಾನು ನನಗೆ ಗೊತ್ತಿದ್ದಂತೆ ಬರೆಯುತ್ತೇನೆ. ನನಗೆ ಹತ್ತೊಂಬತ್ತು, ನಿನಗೆ ಹದಿನೇಳು. ಗೆದ್ದ ಒಬ್ಬಳನ್ನೇ ದೊಡ್ಡ ತರಬೇತಿ ಶಿಬಿರಕ್ಕೆ ಕಳಿಸುವ ಆಯ್ಕೆಯ ಓಟ. ಹಿಂದಿನ ದಿನ ಊಟಕ್ಕೆ ಕೂತಾಗ ಅಪ್ಪ ಲೋಟ ಮತ್ತು ಚಮಚವನ್ನು ತಟ್ಟೆಯ ಸುತ್ತ ಓಡಿಸಿ ತೋರಿಸಿದರು. ಲೋಟ ನಾನು, ಚಮಚ ನೀನು. ಮೊದಲ ಸುತ್ತು ಪೂರ್ತಿ ನಾನು ಮುಂದಿರಬೇಕು, ವೇಗ ಕೆಡದಂತೆ ಎಳೆಯಬೇಕು, ನೀನು ನನ್ನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳಬೇಕು. ಕೊನೆಯ ಸುತ್ತಿನ ಗಂಟೆ ಹೊಡೆದಾಗ ನಾನು ಹುಲ್ಲಿಗೆ ಇಳಿದುಬಿಡಬೇಕು. ಹಾಗೆಂದು ಲೋಟವನ್ನು ಎತ್ತಿ ನೀರು ಕುಡಿದರು. ಸಣ್ಣಪುಟ್ಟ ಕೂಟಗಳಲ್ಲೆಲ್ಲ ನಾವು ಹಾಗೆಯೇ ಓಡುತ್ತಿದ್ದೆವಲ್ಲ, ಅದರಲ್ಲಿ ಹೊಸದೇನೂ ಇರಲಿಲ್ಲ.

ಹೊಸದು ಇದ್ದದ್ದು ನನ್ನ ಎದೆಯಲ್ಲಿ. ಗಂಟೆ ಹೊಡೆದಾಗ ನನಗೆ ಉಸಿರು ಉಳಿದಿತ್ತು, ಬೇಕಾದಷ್ಟು ಉಳಿದಿತ್ತು. ನಿನ್ನ ಏದುಸಿರು ಹಿಂದೆ, ದೂರ, ಒದ್ದೆಯಾಗಿ ಕೇಳುತ್ತಿತ್ತು. ಉಳಿದ ಆರು ಜನ ಇನ್ನೂ ಹಿಂದೆ. ಅಪ್ಪ ತಿರುವಿನಲ್ಲಿ ಕಂಬಿ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಒಂದೇ ಅರ್ಥವೆಂದು ನನಗೆ ಗೊತ್ತಿತ್ತು. ಇಳಿದೆ. ಹುಲ್ಲಿನ ಮೇಲೆ ಕೂತು ಲೇಸು ಬಿಚ್ಚಿದೆ. ನೀನು ಗೆರೆ ದಾಟಿದ್ದನ್ನು ನಾನು ನೋಡಲಿಲ್ಲ, ಜನ ಕೂಗಿದ್ದರಿಂದ ತಿಳಿಯಿತು. ಅಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು, ನಾನು ಮೂವರ ಚೀಲವನ್ನೂ ಹೊತ್ತುಕೊಂಡು ಬಂದೆ.

ಅಲ್ಲಿಂದ ಮುಂದೆ ನಿನಗೆ ಶಿಬಿರ, ಓಟದ ಹೆಸರಲ್ಲಿ ನೌಕರಿ, ಗಂಡ, ಮಕ್ಕಳು, ದೊಡ್ಡ ಊರು. ನನಗೆ ಕಾರ್ಖಾನೆಯಲ್ಲಿ ಕಲೆ ಬಿದ್ದ ಹಾಳೆ ಆರಿಸಿ ತೆಗೆಯುವ ಮೇಜು. ಅಪ್ಪ ಹೇಳಿದರು, ಸೇರಿದೆ. ಮೊನ್ನೆಗೆ ಇಪ್ಪತ್ತನಾಲ್ಕು ವರ್ಷವಾಯಿತು. ಹೊಟ್ಟೆಕಿಚ್ಚನ್ನು ಮುಚ್ಚಿಟ್ಟು ಮಾತಾಡುವ ವಯಸ್ಸು ನನ್ನದಲ್ಲ, ಉರಿದಿದ್ದೇನೆ. ಪತ್ರಿಕೆಯವರು ಕೇಳಿದಾಗ ನೀನು ‘ನಮ್ಮಕ್ಕನೂ ಸ್ವಲ್ಪ ಓಡುತ್ತಿದ್ದಳು’ ಎಂದಿದ್ದೀಯಲ್ಲ, ಆ ಪುಟವನ್ನು ಕತ್ತರಿಸಿ ಬೀರುವಿನ ಬಾಗಿಲಿನ ಒಳಗೆ ಅಂಟಿಸಿದ್ದೇನೆ. ದಿನಾ ಸೀರೆ ತೆಗೆಯುವಾಗ ಆ ‘ಸ್ವಲ್ಪ’ ಕಣ್ಣಿಗೆ ಬೀಳುತ್ತದೆ. ನೀನು ಕೆಟ್ಟ ಮನಸ್ಸಿನಿಂದ ಅಂದಿರಲಾರೆ. ನಿನಗೆ ಹಿಂತಿರುಗಿ ನೋಡುವ ಅಭ್ಯಾಸವನ್ನೇ ಯಾರೂ ಮಾಡಿಸಲಿಲ್ಲ.

ವೇದಿಕೆಯ ಮೇಲೆ ಏನು ಹೇಳುತ್ತೀರಿ ಎಂದು ಅಪ್ಪನನ್ನು ಕೇಳಿ ಬರೆ ಎಂದಿದ್ದೀಯ. ಕೇಳಿದೆ. ‘ನನ್ನ ಮಗಳು. ಬಾಣ. ಬಿಟ್ಟೆ. ಹೋಯ್ತು’ ಎಂದರು, ಕಣ್ಣಲ್ಲಿ ನೀರು ತುಂಬಿಕೊಂಡಿತು. ಲಕ್ವ ಹೊಡೆದವರಿಗೆ ಅಳು ಬೇಗ ಬರುತ್ತದಂತೆ, ಡಾಕ್ಟರು ಹೇಳಿದ್ದಾರೆ, ಅದಕ್ಕೆ ಹೆಚ್ಚು ಬೆಲೆ ಕೊಡಬೇಡ. ಜನಕ್ಕೆ ಹಿಡಿಸುತ್ತದೆ, ಚಪ್ಪಾಳೆ ಬೀಳುತ್ತದೆ. ದಿನಕ್ಕೆ ಐದು ಸಲ ಹೇಳಿಸುತ್ತಿದ್ದೇನೆ. ಕೆಳಗಿನ ಮಹಡಿಯ ಮೆಟ್ಟಿಲಲ್ಲಿ ಐದು ಹತ್ತುತ್ತಾರೆ, ಆರನೆಯದಕ್ಕೆ ನನ್ನ ಮುಖ ನೋಡುತ್ತಾರೆ.

ಓಟದ ಕೂಟಗಳಿಗೆ ಅವರು ತೊಡುತ್ತಿದ್ದ ಹಳೆಯ ಕೋಟನ್ನು ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಈಗ ಅದರಲ್ಲಿ ಇಬ್ಬರು ಅಪ್ಪಂದಿರು ಹಿಡಿಸುತ್ತಾರೆ, ಪಿನ್ನು ಹಾಕಿ ಸರಿಮಾಡುತ್ತೇನೆ. ವೇದಿಕೆಯ ಮೇಲೆ ಕೈ ಇರುವ ಕುರ್ಚಿಯನ್ನೇ ಹಾಕಿಸು, ಮೆಟ್ಟಿಲಿನ ಎಡಗಡೆ ಕಂಬಿ ಇರಲಿ. ನನಗೆ ಮುಂದಿನ ಸಾಲಿನಲ್ಲಿ ಜಾಗ ಬೇಡ. ಮಕ್ಕಳಿಗೆ ನನ್ನ ಮುತ್ತು, ನಿನ್ನ ಯಜಮಾನರಿಗೆ ನಮಸ್ಕಾರ. ನಿನ್ನ ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು ಸುಮ್ಮನಿರಬೇಡ, ಒಳ್ಳೆಯ ಡಾಕ್ಟರಿಗೆ ತೋರಿಸು. ನಿನ್ನ ಹೆಸರು ಇನ್ನೂ ಇಪ್ಪತ್ತೈದು ವರ್ಷ ಕ್ರೀಡಾಂಗಣದ ದಾಖಲೆ ಫಲಕದ ಮೇಲಿರಲಿ, ಮನೆ ತಣ್ಣಗಿರಲಿ, ಮಕ್ಕಳು ನಿನ್ನನ್ನು ಮೀರಿಸಲಿ.

ಇಂತು ನಿನ್ನ ಅಕ್ಕ,
ಎಂಜಿನ್

ಮರೆತ ಮಾತು: ಅಪ್ಪನಿಗೆ ಆ ಪ್ರಶ್ನೆ ಕೇಳಿದೆನೋ ಇಲ್ಲವೋ ಬರೆಯಲೇ ಇಲ್ಲ. ಬರೆಯುವ ಮನಸ್ಸಿರಲಿಲ್ಲ, ಆದರೆ ಹಾಳೆಯ ಹಿಂಬದಿ ಖಾಲಿ ಇದೆ.

ಗುರುವಾರ ಕೇಳಿದೆ. ಎಂಟನೆಯ ಸುತ್ತಿನ ನಡುವೆ ವಾಕರನ್ನು ಅವರ ಕೈಯಿಂದ ತೆಗೆದು ಆಚೆ ಇಟ್ಟೆ. ಎಡಗೈ ಗೋಡೆಗೆ ಆನಿಸಿ ನಿಂತರು. ಉತ್ತರ ಹೇಳಿದ ಮೇಲೆ ಕೊಡುತ್ತೇನೆ ಎಂದೆ. ನನ್ನ ದನಿ ಕೇಳಿದ್ದರೆ ನೀನು ನಿನ್ನ ಅಕ್ಕನನ್ನು ಗುರುತಿಸುತ್ತಿರಲಿಲ್ಲ. ಆವತ್ತು ನನ್ನನ್ನು ಯಾಕೆ ಹೊರಗೆ ಕರೆದಿರಿ ಎಂದು ಕೇಳಿದೆ.

ತುಂಬ ಹೊತ್ತು ಬೇಕಾಯಿತು ಅವರಿಗೆ. ಕಾಲು ನಡುಗುತ್ತಿತ್ತು. ತಡೆದು ತಡೆದು ಹೇಳಿದ್ದನ್ನು ನಾನು ಕೂಡಿಸಿ ಬರೆಯುತ್ತಿದ್ದೇನೆ.

“ನಾನು ಕರೀಲಿಲ್ಲ. ಹಿಂದಿನ ದಿನ ಹೇಳಿದ್ದೆ, ಅಷ್ಟೇ. ಆವತ್ತು ತಿರುವಲ್ಲಿ ನಿಂತು ಕಾಯ್ತಿದ್ದೆ. ನೀನು ನನ್ನ ಮಾತು ಮುರೀತೀಯ ಅಂತ.”

ಮುರಿದಿದ್ದರೆ ಏನಾಗುತ್ತಿತ್ತು ಎಂದೆ.

“ನಿನ್ನನ್ನೇ ಕಳಿಸ್ತಿದ್ದೆ. ಇಬ್ಬರಲ್ಲಿ ಕಾಲು ಇದ್ದಿದ್ದು ನಿನಗೆ. ನನಗೆ ಗೊತ್ತಿತ್ತು. ಆದ್ರೆ ಗೆಲ್ಲೋವಾಗ ಯಾರೋ ಹೇಳಿದ್ರು ಅಂತ ನಿಲ್ಲೋಳನ್ನ ಅಲ್ಲಿಗೆ ಕಳಿಸಿ ಏನು ಮಾಡ್ಲಿ?”

ಯಾರೋ ಅಲ್ಲ, ನೀವು ಹೇಳಿದ್ದು ಎಂದೆ. ಇಪ್ಪತ್ತೈದು ವರ್ಷದಲ್ಲಿ ಒಂದು ದಿನವಾದರೂ ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀನು ಕೇಳ್ಲಿಲ್ಲ” ಎಂದರು. ಆಮೇಲೆ ಎಡಗೈಯನ್ನು ಗೋಡೆಯಿಂದ ತೆಗೆದು ಚಾಚಿ, ವಾಕರ್ ಕೊಡು ಎಂದರು.

ಕೊಟ್ಟೆ.