ದೊಡ್ಡಮ್ಮ ಕೂತು ಉಂಡದ್ದನ್ನು ಕಂಡವರಿಲ್ಲ

ಭಾನುವಾರ, ಮೇ 14. ರಾತ್ರಿ.

ನಾಲ್ಕು ಜನರೆದುರು ಎದೆ ಢವಢವ ಎನ್ನುವುದು ಈ ಮನೆಯಲ್ಲಿ ನನಗೊಬ್ಬಳಿಗೇ ಎಂದುಕೊಂಡಿದ್ದೆ.

ಅಣ್ಣನ ಮಾವನ ಮನೆಯವರು ಊಟಕ್ಕೆ ಬಂದಿದ್ದರು. ಎಂದಿನಂತೆ ಬಡಿಸುವುದೆಲ್ಲ ದೊಡ್ಡಮ್ಮನದೇ. "ಇಷ್ಟೇನಾ? ನಮ್ಮನೆ ಬೆಕ್ಕು ಇದಕ್ಕಿಂತ ಜಾಸ್ತಿ ತಿನ್ನುತ್ತೆ!" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಅತ್ತಿಗೆಯ ತಾಯಿ, "ಓಡಾಡಿದ್ದು ಸಾಕು, ನೀವೂ ಕೂತ್ಕೊಳ್ಳಿ" ಎಂದು ಕೈಹಿಡಿದು ಕೂರಿಸಿ, ತಾವೇ ಬಡಿಸಿದರು.

ದೊಡ್ಡಮ್ಮ ಅನ್ನ ಕಲಸಿದರು, ಕಲಸುತ್ತಲೇ ಇದ್ದರು. ಹಣೆಯಲ್ಲಿ ಬೆವರು, ಬೆರಳಲ್ಲಿ ನಡುಕ. ಆ ನಡುಕ ನನಗೆ ಚೆನ್ನಾಗಿ ಗೊತ್ತು. "ಯಾಕ್ರೀ, ಸೇರ್ತಿಲ್ವಾ?" ಎಂದು ಅತ್ತಿಗೆಯ ತಾಯಿ ಕೇಳಿದ್ದೇ ತಡ, ಎಲ್ಲರೂ ತಿರುಗಿ ನೋಡಿದರು.

"ದೊಡ್ಡಮ್ಮಾ, ಹಾಲು ಉಕ್ತಿದೆ!" ಕೂಗಿದ್ದು ನಾನೇ. ಅಷ್ಟು ಜನರ ನಡುವೆ, ಅಷ್ಟು ಜೋರಾಗಿ.

ದೊಡ್ಡಮ್ಮ ಎದ್ದು ಅಡುಗೆಮನೆಗೆ ಓಡಿದರು, ಹಿಂದೆಯೇ ನಾನೂ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ದೊಡ್ಡಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು. "ಯಾರಾದ್ರೂ ನೋಡ್ತಿದ್ರೆ ಗಂಟಲಲ್ಲಿ ಇಳಿಯಲ್ಲ ಕಣೇ. ಮದುವೆಯಾಗಿ ಬಂದಾಗಿಂದ ಬಡಿಸೋ ನೆಪದಲ್ಲಿ ತಪ್ಪಿಸ್ಕೊಂಡೆ. ಎಂಥಾ ಉಪಚಾರ ಅಂತ ಎಲ್ರೂ ಹೊಗಳಿದ್ರು, ಸುಮ್ಮನಾದೆ."

ಇಷ್ಟು ವರ್ಷ ನಮ್ಮೆಲ್ಲರ ಹೊಟ್ಟೆ ತುಂಬಿಸಿದ್ದು ಒಂದು ಭಯ! ನನ್ನದು ನನ್ನನ್ನು ಮೂಲೆಯಲ್ಲಿ ಕೂರಿಸಿತು, ಅಷ್ಟೇ. ಭಯ ಇಂಥ ರೂಪವನ್ನೂ ತಾಳಬಲ್ಲದು ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಬಾಗಿಲು ಮುಂದೆ ಮಾಡಿ, ತಟ್ಟೆಗೆ ಬಡಿಸಿ ಅವರ ಕೈಗಿಟ್ಟು, ಕಿಟಕಿಯ ಕಡೆ ತಿರುಗಿ ನಿಂತೆ. ಆಮೇಲೆ ಬೆನ್ನ ಹಿಂದೆ ಮೆಲ್ಲಗೆ ಅಗಿಯುವ ಸದ್ದು. ಅಲ್ಲಾಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ನಾನು ಉಸಿರು ಬಿಗಿಹಿಡಿದು ನಿಂತೇ ಇದ್ದೆ.