ಮೂರು ಅಕ್ಷರದ ತಂತಿ

ಭಾನುವಾರ, ಬೆಳಿಗ್ಗೆ

ಅಕ್ಕಾ,

ಅಮ್ಮನ ಕೈಚೀಲದಲ್ಲಿ ಈ ಕಾಗದದ ಜೊತೆ ಹಳೇ ದಿಂಬಿನ ಚೀಲದಲ್ಲಿ ಸುತ್ತಿದ ಒಂದು ಸಾಮಾನಿದೆ. ಈಗಲೇ ಬಿಚ್ಚಬೇಡ, ಮೊದಲು ಓದು. ಹೋದ ಸಲ ನಾನು ಕೊಟ್ಟದ್ದನ್ನು ನೀನು ಎಲ್ಲರ ಮುಂದೆ ಬಿಚ್ಚಿದೆ. ಹನ್ನೊಂದು ತಿಂಗಳಾಯಿತು, ನಮ್ಮಿಬ್ಬರ ನಡುವೆ ಮಾತಿಲ್ಲ.

ನಾನು ಅಂಗಡಿಗೆ ಹೋದ ಹೊತ್ತು ನೋಡಿಕೊಂಡು ನೀನು ಮನೆಗೆ ಬಂದು ಹೋಗುವುದು ನನಗೆ ಗೊತ್ತು. ಅಮ್ಮ ಬಾಯಿ ಬಿಡುವುದಿಲ್ಲ. ಆದರೆ ಆ ದಿನ ಸಕ್ಕರೆ ಡಬ್ಬಿ ತಳ ಕಾಣುತ್ತದೆ. ಅಷ್ಟು ಸಿಹಿ ಚಹಾ ಕುಡಿಯುವವರು ನಮ್ಮ ಮನೆಯಲ್ಲಿ ಇನ್ನಾರಿದ್ದಾರೆ?

ಒಂಬತ್ತು ವರ್ಷ ನೀನು ಇನ್ನೊಬ್ಬರ ಅಂಗಡಿಯಲ್ಲಿ ಮದುವೆ ಗೌನು ಹೊಲಿದೆ. ಹೊಲಿಗೆ ನಿನ್ನದು, ಒಳಗಿನ ಪಟ್ಟಿಯ ಮೇಲೆ ಮಾಲೀಕರ ಹೆಸರು. ಫೋಟೋಗೆಂದು ಗೌನು ತೂಗುಹಾಕಲು ಹುಡುಗಿಯರು ತರುತ್ತಿದ್ದ ಹ್ಯಾಂಗರಿನಲ್ಲಿ, ತಂತಿ ಬಾಗಿಸಿ ಬರೆದ ಅವರವರ ಹೆಸರು. ನಿನ್ನ ಮದುವೆ ಗೊತ್ತಾದಾಗ ನೀನು ನನ್ನಲ್ಲಿ ಕೇಳಿದ್ದು ಅದೊಂದನ್ನೇ. ಕೊಂಡುಕೊಳ್ಳುವುದು ನಮ್ಮ ಕೈಲಾಗದು, ಮೋಟಾರ್ ರಿಪೇರಿ ಅಂಗಡಿಯಲ್ಲಿ ದಿನಾ ತಂತಿ ಸುತ್ತುವ ನಿನಗೆ ಅದೇನು ದೊಡ್ಡದು, ಗಂಡನಾಗುವವರ ಹೆಸರು ಬೇಡ, ನನ್ನದು ಮಾತ್ರ ಸಾಕು ಎಂದೆ.

ಅವರ ಹೆಸರು ಬೇಡ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ ನೋಡು. ಹೆಣ್ಣಿನ ಬಿಡುಗಡೆಯ ಬಗ್ಗೆ ಕರಪತ್ರ ಓದಿ ಓದಿ ನನ್ನ ತಲೆಯಲ್ಲಿ ಜಾಗವೇ ಇರಲಿಲ್ಲ. ಒಂದು ದಿನದ ಆಡಂಬರ, ಚಿನ್ನದಂತೆ ಹೊಳೆಯುವ ಸಂಕೋಲೆ ಎಂದೆಲ್ಲ ಭಾಷಣ ಬಿಗಿದೆ. ನೀನು ದಾರವನ್ನು ಹಲ್ಲಿನಲ್ಲಿ ಕಡಿದು, ಬಿಡುಗಡೆ ಮಾಡೋರು ಮೊದಲು ತಾವು ಉಂಡ ತಟ್ಟೆ ತೊಳೀಲಿ ಎಂದೆ. ಅಮ್ಮ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಲಾಂಡ್ರಿಯವರು ಬಿಸಾಡಿದ್ದ ತಂತಿ ಹ್ಯಾಂಗರ್ ಒಂದನ್ನು ತಂದೆ. ಸುಟ್ಟುಹೋದ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ಅಲ್ಯೂಮಿನಿಯಂ ತಂತಿಯನ್ನು ಅಂಗಡಿಯ ಯಜಮಾನರು ಕೇಳಿದ ಕೂಡಲೇ ಕೊಟ್ಟರು. ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಅಕ್ಷರ ಬರೆದು, ಸ್ಕ್ರೂಡ್ರೈವರ್ ಹಿಡಿಗೆ ಸುತ್ತಿ ಒಂದೊಂದೇ ಸುರುಳಿ ಬಾಗಿಸಿ, ಎರಡು ತುದಿಗಳನ್ನೂ ಹ್ಯಾಂಗರಿನ ಭುಜಕ್ಕೆ ಬಿಗಿದೆ. ಕೆಲಸ ಚೆನ್ನಾಗಿಯೇ ಬಂತು. ಆದರೆ ಬರೆದದ್ದು ‘ಸಂಕೋಲೆ ಕಳಚು’ ಎಂದು.

ಮದುವೆಯ ಬೆಳಿಗ್ಗೆ ಭಾವನ ಕಡೆಯವರು ಕೋಣೆ ತುಂಬ ಇದ್ದಾಗ ನೀನು ಉಡುಗೊರೆಗೆ ಸುತ್ತಿದ್ದ ಕಾಗದ ಬಿಚ್ಚಿದೆ. ಭಾವನ ಚಿಕ್ಕಮ್ಮ ಕನ್ನಡಕ ಏರಿಸಿ ಜೋರಾಗಿ ಓದಿ, ಇದು ಯಾವ ಅಂಗಡಿ ಹೆಸರಮ್ಮ ಎಂದು ಕೇಳಿದರು. ಯಾರೋ ಕಿಸಕ್ಕೆಂದರು. ನೀನು ಬೈಯುತ್ತೀಯ ಎಂದುಕೊಂಡೆ. ಎದೆಯುಬ್ಬಿಸಿ ಉತ್ತರ ಕೊಡಲು ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ನೀನು ಮೆಲ್ಲಗೆ ಕೇಳಿದ್ದು ಒಂದೇ.

“ಇದ್ರಲ್ಲಿ ನನ್ನ ಹೆಸ್ರೆಲ್ಲೋ?”

ನಿನ್ನ ಹೆಸರು ಬಾಗಿಸುವಾಗ ತಂತಿ ಮುರಿಯಿತು ಎಂದೆ. ಬಾಯಿಗೆ ಬಂದದ್ದು ಅಷ್ಟೇ.

“ಆರಕ್ಷರ ತಡ್ಕೊಂಡಿರೋ ತಂತೀಗೆ ನನ್ನ ಮೂರಕ್ಷರ ಭಾರ ಆಯ್ತಾ?”

ಆಮೇಲೆ ನೀನು ಗೌನನ್ನು ಕುರ್ಚಿಯ ಬೆನ್ನಿನ ಮೇಲೆ ಹಾಕಿದೆ. ಮನೆಯಲ್ಲಿ ಬೇರೆ ಹ್ಯಾಂಗರ್ ಇರಲಿಲ್ಲ. ಸೊಂಟಕ್ಕೆ ಅಡ್ಡಲಾಗಿ ಒಂದು ಮಡಿಕೆ ಬಿತ್ತು. ಮತ್ತೆ ಇಸ್ತ್ರಿ ಮಾಡಲು ಹೊತ್ತಿರಲಿಲ್ಲ. ಎಷ್ಟೋ ಹುಡುಗಿಯರನ್ನು ಒಂದು ಸುಕ್ಕೂ ಇಲ್ಲದೆ ಕಳಿಸಿಕೊಟ್ಟವಳು ನೀನು. ನಿನ್ನ ಎಲ್ಲ ಫೋಟೋಗಳಲ್ಲೂ ಆ ಗೆರೆ ಇದೆ. ಅದನ್ನು ಎಳೆದವನು ನಾನು.

ನೀನು ಹೋದ ಮೇಲೆ ನನ್ನ ಕರಪತ್ರಗಳ ಪುಸ್ತಕ ತೆಗೆದೆ. ಗಾಳಿಗೆ ಹಾರಾಡುತ್ತಿದ್ದ ಹಾಳೆಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು ಹೊಲಿದು, ಪುಸ್ತಕ ಮಾಡಿ ಕೊಟ್ಟವಳು ನೀನೇ ಅಲ್ಲವೇ? ಎರಡು ವರ್ಷ ಅದನ್ನು ಕಂಕುಳಲ್ಲಿಟ್ಟು ತಿರುಗಿದ್ದೇನೆ. ಹಿಂದಿನ ರಟ್ಟಿನ ಮೂಲೆಯಲ್ಲಿ ಕೆಂಪು ದಾರದಲ್ಲಿ ನನ್ನ ಹೆಸರು ಹೊಲಿದಿದ್ದೀಯ. ನಾನು ಅದನ್ನು ನೋಡಿದ್ದು ಅಂದೇ ಮೊದಲು. ನಾನು ಓದಿದ ಒಂದೊಂದು ಸಾಲನ್ನೂ ಈಗಲೂ ನಂಬುತ್ತೇನೆ ಅಕ್ಕ. ಆದರೆ ಅವನ್ನೆಲ್ಲ ನಿನ್ನ ಬೆನ್ನಿಗೆ ಓದಿ ಹೇಳಿದೆ. ಒಂದು ಸಲವೂ ಎದುರಿಗೆ ಬಂದು ಕೂತು, ನಿನಗೇನು ಬೇಕು ಎಂದು ಕೇಳಲಿಲ್ಲ.

ಈಗ ಬಿಚ್ಚು. ಅದೇ ಲಾಂಡ್ರಿ ಹ್ಯಾಂಗರ್, ಅದೇ ತಂತಿ. ಮೂರೇ ಅಕ್ಷರ. ಎರಡನೆಯ ಅಕ್ಷರದಲ್ಲಿ ಒಂದು ಕಡೆ ಕೆಂಪು ದಾರ ಸುತ್ತಿದೆ, ಅಲ್ಲೊಂದು ಜೋಡಣೆ ಇದೆ. ಭುಜದ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿದ್ದೇನೆ, ಬಟ್ಟೆಗೆ ತಾಗಿದರೂ ಎಳೆ ಕೀಳುವುದಿಲ್ಲ.

ಮುಂದಿನ ಕೋಣೆಯಲ್ಲಿ ನಿನ್ನದೇ ಹೊಲಿಗೆ ಅಂಗಡಿ ಶುರು ಮಾಡಿದ್ದೀಯಂತೆ, ಇನ್ನೂ ಬೋರ್ಡು ಹಾಕಿಲ್ಲವಂತೆ. ಮದುವೆಗೆ ಒದಗದ ಇದು ಅಲ್ಲಿಗಾದರೂ ಒದಗಲಿ. ಬರುವ ಭಾನುವಾರ ನಿನ್ನ ಬೀದಿಯಲ್ಲಿ ಒಮ್ಮೆ ನಡೆದು ಹೋಗುತ್ತೇನೆ. ಕಿಟಕಿಯಲ್ಲಿ ಇದು ತೂಗುತ್ತಿದ್ದರೆ ಬಾಗಿಲು ತಟ್ಟುತ್ತೇನೆ. ಇಲ್ಲದಿದ್ದರೆ ನಿನ್ನ ಸಿಟ್ಟು ನ್ಯಾಯವೇ, ಹಾಗೆಯೇ ಮುಂದೆ ಹೋಗುತ್ತೇನೆ. ಬಂದರೆ ನನ್ನ ತಟ್ಟೆ ನಾನೇ ತೊಳೆಯುತ್ತೇನೆ.

ನೀನೇ ಇಟ್ಟ ಅಡ್ಡಹೆಸರಿನ ನಿನ್ನ ತಮ್ಮ,
ಕರಪತ್ರ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಂದು ತಂತಿ ಮುರಿದಿರಲಿಲ್ಲ. ಮೊದಲು ನಿನ್ನ ಹೆಸರನ್ನೇ ಮಾಡಿದ್ದೆ, ಮುದ್ದಾಗಿ ಬಂದಿತ್ತು. ನಿನ್ನ ಹೊಲಿಗೆ ಯಂತ್ರದ ಮೇಲ್ಗಡೆ ಗೋಡೆಯ ಮೊಳೆಗೆ ತೂಗುಹಾಕಿ ನೋಡಿದೆ. ಕೆಳಗೆ ಬಟ್ಟೆಯಿಲ್ಲ, ಬರೀ ಹೆಸರು. ನೀನು ಆಗಲೇ ಹೊರಟುಹೋದಂತೆ ಕಂಡಿತು. ಇಕ್ಕಳ ತಂದು ಎರಡನೆಯ ಅಕ್ಷರದ ನಡುವೆ ಕತ್ತರಿಸಿದೆ. ‘ಸಂಕೋಲೆ ಕಳಚು’ ಆಮೇಲೆ ಹೊಳೆದದ್ದು. ಆ ಎರಡು ತುಂಡುಗಳನ್ನು ಇಷ್ಟು ದಿನ ಎತ್ತಿಟ್ಟಿದ್ದೆ. ಈಗ ನಿನ್ನ ಕೈಯಲ್ಲಿರುವುದು ಅವೇ.